ಬರಿಗೊರಳಿನ ಹುಡುಗ

ಶುಕ್ರವಾರ ಸಂಜೆ ಬೋರ್ಡಿಂಗಿನ ಹುಡುಗರೆಲ್ಲ ಊಟಕ್ಕೆ ಕುಳಿತಾಗ ಸಾಲಿನಲ್ಲಿ ಒಂದು ತಾಟಿನ ಮುಂದೆ ಯಾರೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಹುಡುಗ ಎಲ್ಲೋ ಹೋಗಿರಬೇಕು, ಬರುತ್ತಾನೆ ಅಂದುಕೊಂಡು ತಮ್ಮ ಪಾಡಿಗೆ ಉಣ್ಣುತ್ತಿದ್ದರು. ನಾನು ಮೊದಲು ಕಾಲರಾ ನೆನೆದೆ, ಆಮೇಲೆ ಹಾವು, ಆಮೇಲೆ ವಾಡಿಯ ಕಡೆಯಿಂದ ಬರುವ ಗೂಡ್ಸ್ ಗಾಡಿ. ನನ್ನ ತಲೆ ಯಾವಾಗಲೂ ಈ ಕ್ರಮದಲ್ಲೇ ಓಡುತ್ತದೆ. ಶಹಾಬಾದಿನ ಹಿರಿಯರು ನಮ್ಮ ಮತದ ಹಳ್ಳಿಯ ಹುಡುಗರಿಗಾಗಿ ಬೋರ್ಡಿಂಗ್ ತೆರೆದಾಗ ಅದರ ಉಸ್ತುವಾರಿಗೆ ನನ್ನನ್ನು ಆರಿಸಿದ್ದು ನನ್ನ ವಿದ್ಯೆ ನೋಡಿ ಅಲ್ಲ. ಈ ಮಾಸ್ತರ ಹೇಗೂ ಚಿಂತೆ ಮಾಡುವವನೇ, ಸುಮ್ಮಸುಮ್ಮನೆ ಮಾಡುವ ಬದಲು ಹುಡುಗರ ಸಲುವಾಗಿ ಮಾಡಲಿ ಎಂದು ಅವರಲ್ಲೊಬ್ಬರು ನನ್ನೆದುರಿಗೇ ಹೇಳಿದ್ದರು. ಹಗಲು ಸರಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಹಿಸಾಬು, ಅಂದರೆ ಗಣಿತ, ಕಲಿಸುವುದು, ಬೆಳಿಗ್ಗೆ ಸಂಜೆ ಬೋರ್ಡಿಂಗಿನಲ್ಲಿ ಕನ್ನಡದಲ್ಲಿ ಗದರುವುದು, ಇದು ನನ್ನ ನೌಕರಿ.

ಕಾಣೆಯಾದ ಹುಡುಗ ಕಾಣೆಯಾಗಿರಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಹಣೆ ಮುಟ್ಟಿದೆ, ಜ್ವರವಿಲ್ಲ. ಹಸಿವಿಲ್ಲ ಎಂದ. ಹದಿನಾರರ ಹುಡುಗ, ಶುಕ್ರವಾರದ ರಜೆಯೆಂದು ಮಧ್ಯಾಹ್ನವೆಲ್ಲ ಗೆಳೆಯರ ಜೊತೆ ಹಳೆಯ ಕಲ್ಲುಖಣಿಯ ನೀರಿನಲ್ಲಿ ಈಜಿ ಬಂದವನು ಹಸಿವಿಲ್ಲ ಅನ್ನುವುದನ್ನು ನಂಬುವಷ್ಟು ದಡ್ಡ ನಾನಲ್ಲ. ಆದರೆ ಕಾರಣ ಕಣ್ಣೆದುರಿಗೇ ಇದ್ದರೂ ಕಾಣದಷ್ಟು ದಡ್ಡ ಹೌದು. ಕಂಡದ್ದು ಅಡಿಗೆಯ ಅವ್ವನಿಗೆ. ಅವಳು ರೊಟ್ಟಿಯ ಬುಟ್ಟಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

“ಮಾಸ್ತರ, ಹುಡುಗನ ಕೊಳ್ಳಾಗ ನೋಡ್ರಿ.”

ನೋಡಿದೆ. ಶಿವದಾರವಿರಲಿಲ್ಲ. ಲಿಂಗವಿರಲಿಲ್ಲ.

ಇದರ ಭಾರ ಎಷ್ಟೆಂದು ನಮ್ಮವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಕೂಸಿಗೆ ಹೆಸರಿಡುವ ಮೊದಲೇ ಗುರುಗಳು ಬಂದು ಲಿಂಗ ಕಟ್ಟುತ್ತಾರೆ. ಅಲ್ಲಿಂದ ಮಣ್ಣಾಗುವ ತನಕ ಅದು ಮೈಮೇಲೆ ಇರಬೇಕು. ದಿನವೂ ಸ್ನಾನ ಮಾಡಿ, ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ ಪೂಜಿಸಿದ ಮೇಲೆಯೇ ಬಾಯಿಗೆ ನೀರು. ಕಳೆದುಹೋದರೆ ಅದು ಸಿಗಬೇಕು, ಇಲ್ಲವೇ ಗುರುಗಳು ಇನ್ನೊಂದನ್ನು ಕೊಡಬೇಕು. ಅಲ್ಲಿಯ ತನಕ ಅನ್ನವಿಲ್ಲ, ನೀರಿಲ್ಲ. ಲಿಂಗ ಹೋದ ಮೇಲೆ ಜೀವ ಇಟ್ಟುಕೊಳ್ಳದೆ ಹೋದವರ ಸುದ್ದಿಯನ್ನು ಹಿರಿಯರು ದನಿ ತಗ್ಗಿಸಿ ಹೇಳುವುದನ್ನು ನಾನೂ ಸಣ್ಣವನಿದ್ದಾಗ ಕೇಳಿದ್ದೆ. ನನ್ನ ಪೂಜೆಯೇನೋ ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮುಗಿಯುತ್ತದೆ. ಆದರೂ ನಿದ್ದೆಗಣ್ಣಿನಲ್ಲಿ ಕೈ ಎದೆ ಮುಟ್ಟಿ ನೋಡಿಕೊಳ್ಳುತ್ತದೆ. ಅವತ್ತೂ ಮುಟ್ಟಿ ನೋಡಿಕೊಂಡೆ, ಹುಡುಗನ ಎದುರಿಗೇ. ಆಮೇಲೆ ನಾಚಿಕೆಯಾಯಿತು.

ಈಜುವಾಗ ನೀರಿನಲ್ಲಿ ಹೋಯಿತು ಎಂದಷ್ಟೇ ಅವನು ಹೇಳಿದ. ಕತ್ತಲಾಗಿತ್ತು. ರಾಯಚೂರ ಕಡೆ ಹೋಗುವ ಗಾಡಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಅವನ ಮನೆಗೆ ಸುದ್ದಿ ಕಳಿಸಿದೆ.

ಅವನ ಹಳ್ಳಿ ನಾಲವಾರ ಸ್ಟೇಷನ್ನಿನಿಂದ ಚಕ್ಕಡಿಯ ದಾರಿ. ನನ್ನ ಹುಡುಗರಲ್ಲಿ ಚುರುಕಾದವನು. ಶೇರ್ವಾನಿ, ಕುಚ್ಚಿನ ರೂಮಿ ಟೋಪಿ ಹಾಕಿಕೊಂಡು ಸದರ್ ಸಾಹೇಬರ, ಅಂದರೆ ನಮ್ಮ ಹೆಡ್‌ಮಾಸ್ತರರ ಮುಂದೆ ನಿಂತು ಅವನು ಆಡುವ ಉರ್ದು ಕೇಳಿದರೆ, ನನ್ನ ಉರ್ದು ಸಂತೆಯಲ್ಲಿ ಬದನೆಕಾಯಿ ಮಾರುವವನದು ಅನ್ನಿಸುತ್ತಿತ್ತು. ಫುಟ್‌ಬಾಲಿನಲ್ಲಿ ಅವನೇ ಮುಂದೆ. ಆದರೆ ಊರಿಗೆ ಹೊರಟನೆಂದರೆ, ನಾಲವಾರ ಬರುವ ಮೊದಲೇ ಗಾಡಿಯಲ್ಲಿ ಟೋಪಿ ತೆಗೆದು ಗಂಟಿನೊಳಗಿಟ್ಟು ರುಮಾಲು ಸುತ್ತಿಕೊಳ್ಳುತ್ತಿದ್ದ. ಒಮ್ಮೆ ನಾನೂ ಅದೇ ಡಬ್ಬಿಯಲ್ಲಿದ್ದೆ. ರುಮಾಲಿನ ಜೊತೆಗೆ ಅವನ ನಡಿಗೆ ಬದಲಾಯಿತು, ದನಿ ಇಳಿಯಿತು, ಕಣ್ಣು ನೆಲಕ್ಕೆ ಹೋಯಿತು. ಸ್ಟೇಷನ್ನಿನ ಹೊರಗೆ ಚಕ್ಕಡಿಯಲ್ಲಿ ಕುಳಿತ ಅಜ್ಜಿಯ ಎಲ್ಲ ಮಾತಿಗೂ “ಹೂಂ ಆಯಿ” ಅನ್ನುವ ಒಬ್ಬ ಬೇರೆಯೇ ಹುಡುಗ ಇಳಿದು ಹೋದ. ನನಗೆ ಆಗ ನಗು ಬಂದಿತ್ತು. ಇಬ್ಬರನ್ನು ಒಬ್ಬನೇ ಹೊತ್ತು ತಿರುಗುವುದು ಈ ವಯಸ್ಸಿಗೆ ದಣಿವು ಎಂದು ಹೊಳೆದಿರಲಿಲ್ಲ.

ಶನಿವಾರ ಬೆಳಗಿನ ಗಾಡಿಗೆ ಆಯಿ ಮತ್ತು ಅಪ್ಪ ಬಂದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಬೈಸಿಕೊಳ್ಳುವಾಗ ಏನು ಹೇಳಬೇಕೆಂದು ಸ್ಟೇಷನ್ನಿನ ದಾರಿಯುದ್ದಕ್ಕೂ ರೂಢಿ ಮಾಡಿಕೊಂಡು ಹೋಗಿದ್ದೆ. ಅವರು ಬೈಯಲೇ ಇಲ್ಲ. ಬೋರ್ಡಿಂಗಿಗೆ ಬಂದು ಅಪ್ಪ ಬಾಗಿಲಲ್ಲೇ ನಿಂತ. ಆಯಿ ಮೊಮ್ಮಗನ ತಲೆ ಸವರಿ, ಅವನ ಪಕ್ಕದಲ್ಲೇ ಚಾಪೆ ಹಾಕಿಸಿಕೊಂಡು ಕುಳಿತಳು. ಸ್ನಾನ ಮಾಡಿ ಬಂದು ತನ್ನ ಲಿಂಗವನ್ನು ಅಂಗೈಯಲ್ಲಿಟ್ಟು ನಿಧಾನವಾಗಿ ಪೂಜೆ ಮಾಡಿಕೊಂಡಳು. ಅಡಿಗೆಯ ಅವ್ವ ಗಂಜಿ ತಂದಿಟ್ಟರೆ, ಹುಡುಗ ಉಣ್ಣುವ ತನಕ ತನಗೂ ಅನ್ನ ನೀರು ಬೇಡವೆಂದು ಬಟ್ಟಲು ಸರಿಸಿದಳು. ಹಟದ ಮಾತಲ್ಲ, ಎಂದಿನ ಮಾತು. ನನಗೆ ಒಬ್ಬರ ಚಿಂತೆ ಇತ್ತು, ಈಗ ಇಬ್ಬರದಾಯಿತು.

ಗುರುಗಳಿಂದ ಹೊಸದನ್ನು ಪಡೆಯಬಹುದಲ್ಲ ಎಂದು ನಾನು ಕೇಳಿದೆ. ಮೊದಲು ಹುಡುಕಬೇಕು, ಹುಡುಕದೆ ಹೊಸದು ಕೇಳಿದರೆ ಇದ್ದದ್ದನ್ನು ಬಿಟ್ಟುಕೊಟ್ಟ ಹಾಗೆ ಎಂದಳು ಆಯಿ. ನ್ಯಾಯದ ಮಾತೇ. ಸದರ್ ಸಾಹೇಬರಿಗೆ ಹೇಳಿ ರಜೆ ಪಡೆದೆ. ಅವರು ಏನನ್ನೂ ಕೆದಕಿ ಕೇಳಲಿಲ್ಲ. ಹುಡುಗರು ಖಣಿಯ ಸುತ್ತ ಜಾತ್ರೆಯಂತೆ ನೆರೆಯದಿರಲಿ ಎಂದು ಶಾಲೆಯ ಜವಾನನನ್ನು ಕಾವಲಿಗೆ ಕಳಿಸಿಕೊಟ್ಟರು. ಡಾಕ್ಟರ್ ಬೇಕೇ ಎಂದರು. ಡಾಕ್ಟರ್ ಬಂದರೂ ಔಷಧ ಬಾಯಿಂದಲೇ ಹೋಗಬೇಕಲ್ಲ ಎಂದೆ.

ಆ ಖಣಿ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟದ್ದು. ಒಂದು ದಂಡೆಯಲ್ಲಿ ಕಲ್ಲಿನ ಪದರುಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ, ಹುಡುಗರು ಈಜುವುದು ಅಲ್ಲಿಯೇ. ನಡುವೆ ಒಮ್ಮೆಲೆ ಆಳ. ಅಲ್ಲಿ ನೀರು ಕಪ್ಪು. ಮೊದಲು ಪಾತಾಳಗರಡಿ ಇಳಿಸಿದೆವು. ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಲಿಂಗ ಸಣ್ಣದು, ಕೊಕ್ಕೆಗೆ ಸಿಗದು; ಸುತ್ತಿದ ವಸ್ತ್ರವೋ ದಾರವೋ ಸಿಕ್ಕೀತೆಂಬ ಆಸೆ. ಪದರು ಪದರಿಗೂ ಎಳೆದಾಡಿಸಿದೆವು. ಕೊಕ್ಕೆ ಕಲ್ಲಿನ ಸಂದಿಯಲ್ಲಿ ಸಿಕ್ಕಿಬಿದ್ದು, ಅದನ್ನೇ ಬಿಡಿಸಿಕೊಳ್ಳುವುದು ಒಂದು ಕೆಲಸವಾಯಿತು.

ಆಮೇಲೆ ಒಬ್ಬ ಮುಳುಗುಗಾರನನ್ನು ಕರೆತಂದೆ. ಸನ್ನತಿಯ ಕಡೆಯ ಕಬ್ಬಲಿಗ, ಮೀನು ಹಿಡಿಯುವ ಮನೆತನದವನು, ಭೀಮಾ ಹೊಳೆಯಲ್ಲಿ ಈಜಿ ಬೆಳೆದವನು, ಈಗ ಇಲ್ಲಿ ಕಲ್ಲು ಹೊರುತ್ತಿದ್ದ. ಅವನು ಮೈಗೆ ಎಣ್ಣೆ ಹಚ್ಚಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಹಗ್ಗದ ತುದಿಯನ್ನು ಹುಡುಗನ ಅಪ್ಪನ ಕೈಗೆ ಕೊಟ್ಟ. ನಾನು ಕೈ ಚಾಚಿದ್ದೆ, ನನಗೆ ಕೊಡಲಿಲ್ಲ.

“ಮಾಸ್ತರ, ನೀವು ಅಲ್ಲೇ ದೂರ ಕುಂದ್ರಿ. ನೀವು ಬಿದ್ರ ಮತ್ತ ನಿಮ್ಮನ್ನ ಹುಡುಕೂದಾಗ್ತದ.”

ಆಮೇಲೆ ಆಯಿಯ ಕಡೆ ತಿರುಗಿ, ಸಿಕ್ಕರೆ ತಾನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಸುತ್ತಲ ಮಣ್ಣಿನ ಸಮೇತ ತರುತ್ತೇನೆ ಎಂದ. ಆಯಿ ಅಂದು ಮೊದಲ ಸಲ ನಕ್ಕಳು. “ಇಡೀ ದಿನ ನೀರಾಗೇ ಇರಾಂವ ನೀ. ನಿನಗಿಂತ ಮಡಿ ಯಾರದದ ಇಲ್ಲಿ?” ಅಂದಳು. ಅವನು ಒಪ್ಪಲಿಲ್ಲ. ಮುಳುಗಿ, ಬುಟ್ಟಿಯಲ್ಲಿ ರಾಡಿ ತುಂಬಿ ಕಳಿಸುತ್ತಿದ್ದ. ಅಡಿಗೆಯ ಅವ್ವ ಹಿಟ್ಟು ಸೋಸುವ ಸಾಣಿಗೆ ಕೊಟ್ಟಿದ್ದಳು. ನಾನು ರಾಡಿಯನ್ನು ಅದರಲ್ಲಿ ಹಾಕಿ, ತೊಳೆದು, ಬೆರಳಾಡಿಸಿ ನೋಡುವುದು. ಸಿಕ್ಕಿದ್ದು ಮುರಿದ ಉಳಿ, ಬಳೆಯ ಚೂರು, ಒಂದು ಗೆಜ್ಜೆ, ಕರಿಯ ಗುಂಡುಗಲ್ಲುಗಳು. ಪ್ರತಿ ಕರಿಯ ಕಲ್ಲಿಗೂ ನನ್ನ ಎದೆ ಹಾರುತ್ತಿತ್ತು, ಆಯಿ ಅದನ್ನು ಒಮ್ಮೆ ನೋಡಿ ಬದಿಗಿಡುತ್ತಿದ್ದಳು. ಹೊತ್ತು ಮುಳುಗುವ ತನಕ ಹೀಗೇ ನಡೆಯಿತು. ಮರಳುವಾಗ ಅಪ್ಪ ಹಗ್ಗ ಸುತ್ತುತ್ತಾ ಒಂದೇ ಮಾತು ಆಡಿದ: ಹುಡುಗನ್ನ ಉರ್ದು ಸಾಲಿಗಿ ಹಾಕಬಾರದಿತ್ತು. ನನಗೆ ಹೇಳಿದ್ದೋ ಹಗ್ಗಕ್ಕೆ ಹೇಳಿದ್ದೋ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಹುಡುಗನ ತುಟಿ ಒಡೆದಿತ್ತು. ಆಯಿ ಸ್ನಾನಕ್ಕೆ ಎದ್ದು ಹೋಗಿದ್ದಾಗ ನಾನು ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸಿದೆ. ಅಷ್ಟಕ್ಕೆ ಅವನು ಅಡ್ಡಿ ಮಾಡಲಿಲ್ಲ. ಇವತ್ತು ಸಿಕ್ಕೇ ಸಿಗುತ್ತದೆ, ಮುಳುಗುಗಾರ ಗಟ್ಟಿಗ, ಎಂದು ಏನೋ ಹೇಳುತ್ತಿದ್ದೆ. ಅವನು ಸೂರಿನ ಕಡೆ ನೋಡುತ್ತಾ ನಡುವೆಯೇ ಹೇಳಿದ.

“ಅದು ಬಿದ್ದಿಲ್ರಿ ಮಾಸ್ತರ. ನಾನೇ ಬಿಚ್ಚಿ ನೀರಿಗಿ ಒಗದೀನಿ.”

ಬಟ್ಟೆ ನನ್ನ ಕೈಯಲ್ಲೇ ನಿಂತಿತು. ಯಾಕೆಂದು ಕೇಳಿದೆ.

“ಒಗದ್ರ ಏನಾಗ್ತದಂತ ನೋಡಾಕ.”

“ಏನಾಯ್ತು?”

“ಏನೂ ಆಗ್ಲಿಲ್ರಿ.” ಅವನ ಕಣ್ಣು ಸೂರಿನಲ್ಲೇ ಇತ್ತು. “ಎಲ್ಲಾ ಹಂಗೇ ಇತ್ತು. ನೀರು, ಹುಡುಗರು, ಎಲ್ಲಾ. ಮ್ಯಾಲ ಬಂದು ಅಂಗಿ ಹಾಕ್ಕೊಂಡು ನಡದೆ.”

“ಹಂಗಾದ್ರ ಉಣ್ಣು ಮತ್ತ.”

ಅವನು ನನ್ನ ಕಡೆ ತಿರುಗಿದ. ಮೂರ್ಖನನ್ನು ನೋಡುವ ನೋಟ ಅದು. ಹಿಸಾಬಿನ ತರಗತಿಯಲ್ಲಿ ನಾನು ಅವರನ್ನು ನೋಡುವ ಹಾಗೆ.

“ಹ್ಯಾಂಗ ಉಣ್ಣಲ್ರಿ? ಕೈ ತಾಟಿಗಿ ಹೋಗವಲ್ದು.”

ದೇವರ ಭಯವೇ ಎಂದರೆ ಅಲ್ಲವೆಂದ. ಆಯಿಯ ಭಯವೇ ಎಂದರೆ ಅದಕ್ಕೂ ತಲೆ ಅಲ್ಲಾಡಿಸಿದ. ಗುರುಗಳ ಹತ್ತಿರ ಹೊಸದು ತೆಗೆದುಕೊಳ್ಳೋಣವೇ ಅಂದರೆ, ಬಿದ್ದುಹೋಯಿತೆಂದು ಸುಳ್ಳು ಹೇಳಿ ಹ್ಯಾಂಗ ತಗೊಳ್ಳಲಿ ಎಂದ. ನಿಜ ಹೇಳೋಣವೆಂದರೆ, ಆಯಿ ಸಾಯುತ್ತಾಳೆ ಎಂದ. ಮತ್ತೆ ಗೋಡೆಗೆ ತಿರುಗಿದ. ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ. ಎಲ್ಲಿಗೆ ಎಸೆದೆ ಎಂದು ಮಾತ್ರ ಕೇಳಿಕೊಂಡೆ. ನಡುವಿನ ಕಪ್ಪು ನೀರಿಗೆ.

ಇಷ್ಟು ವರ್ಷ ಹುಡುಗರ ನಡುವೆ ಇದ್ದವನು ನಾನು. ಅವರು ಬೀಡಿ ಸೇದಿದರೆ ವಾಸನೆ ಹಿಡಿಯಬಲ್ಲೆ, ಸುಳ್ಳು ಜ್ವರ ಗುರುತಿಸಬಲ್ಲೆ. ಇದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ತಾನು ನಂಬುತ್ತೇನೋ ಇಲ್ಲವೋ ಎಂದು ನೋಡಲು ಹೋಗಿ ಅವನು ಕಂಡುಕೊಂಡದ್ದು ಬೇರೆಯೇ: ನಂಬಿಕೆ ಇರಲಿ ಬಿಡಲಿ, ಅವನ ಕೈಯನ್ನು ತಾಟಿನ ತನಕ ಒಯ್ಯುವುದು ಇನ್ನೊಬ್ಬರು. ಅವನ ಹೊಟ್ಟೆಯೊಳಗೂ ಅವನು ಹುಟ್ಟಿ ಬೆಳೆದ ಮನೆಯೇ ಕುಳಿತಿತ್ತು. ಅದನ್ನು ಎಬ್ಬಿಸಿ ಕಳಿಸುವ ಉಪಾಯ ನನಗೆ ತಿಳಿಯದು. ಕಳಿಸಬೇಕೇ ಎಂಬುದೂ ತಿಳಿಯದು. ನನ್ನದೇ ಹೊಟ್ಟೆಯೊಳಗೆ ಯಾರ್ಯಾರು ಕುಳಿತಿದ್ದಾರೆ ಎಂದು ನಾನು ಎಂದೂ ಕೇಳಿಕೊಂಡವನಲ್ಲ.

ಖಣಿಗೆ ಹೋದೆವು. ಆಯಿಯೂ ಬಂದಳು. ಈಗ ನನ್ನ ಪೇಚು ನೋಡಿ: ಎಲ್ಲಿ ಹುಡುಕಬೇಕೆಂದು ಗೊತ್ತು, ಹೇಗೆ ಗೊತ್ತೆಂದು ಹೇಳುವಂತಿಲ್ಲ. ಮುಳುಗುಗಾರ ಮತ್ತೆ ಮೆಟ್ಟಿಲ ಪದರುಗಳ ಕಡೆ ಹೊರಟ. ನಾನು ಆದಷ್ಟು ಸಹಜವಾಗಿ, ಒಮ್ಮೆ ನಡುವೆ ನೋಡಬಹುದೇನೋ ಎಂದೆ. ಅವನು ಸೊಂಟದ ಹಗ್ಗ ಬಿಗಿಯುತ್ತಾ, “ನಡುವ ಹ್ಯಾಂಗ ಹೋಗ್ತದ್ರಿ? ಹುಡುಗರು ದಂಡಿಗೇ ಈಜಿದ್ರಂತ ನೀವಾ ಹೇಳೀರಿ” ಅಂದ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಚಿಂತೆಯ ಮನುಷ್ಯನಿಗೆ ಸುಮ್ಮನಿರುವುದು ಬರುವುದಿಲ್ಲ. ನೀರಿನ ಸೆಳೆತಕ್ಕೆ ಹೋಗಿರಬಹುದು ಎಂದುಬಿಟ್ಟೆ.

ಅವನು ಬಾಯಿ ತುಂಬ ನಕ್ಕ. “ನಿಂತ ನೀರಿಗಿ ಎಲ್ಲೀ ಸೆಳವ್ರಿ ಮಾಸ್ತರ? ಇದೇನು ಭೀಮಿ ಅದೇನು?”

ಆಯಿ ತಲೆಯೆತ್ತಿದಳು. ನನ್ನ ಮುಖವನ್ನು ನೋಡಿದಳು, ಆಮೇಲೆ ನಡುವಿನ ನೀರನ್ನು ನೋಡಿದಳು. ನಾನು ಸಾಣಿಗೆ ತೊಳೆಯಲು ಶುರುಮಾಡಿದೆ. ಅದು ತೊಳೆದೇ ಇತ್ತು.

ಮುಳುಗುಗಾರ ನಗುತ್ತಲೇ ನಡುವಿಗೂ ಇಳಿದ. ಮೊದಲ ಸಲ ತಳ ಸಿಗಲಿಲ್ಲವೆಂದು ಮೇಲೆ ಬಂದ. ಎರಡನೆಯ ಸಲ ತಡವಾಯಿತು. ಅಪ್ಪ ಹಗ್ಗ ಜಗ್ಗಿದರೆ ಅದು ಕಲ್ಲಿಗೆ ಸಿಕ್ಕಿ ಬಿಗಿದಿತ್ತು. ಸಡಿಲ ಬಿಟ್ಟು, ಮತ್ತೆ ಜಗ್ಗಿ, ಹೇಗೋ ಬಿಡಿಸಿ ಎಳೆದೆವು. ಮೇಲೆ ಬಂದಾಗ ಅವನ ಮೂಗಿನಿಂದ ರಕ್ತ ಬರುತ್ತಿತ್ತು. ಕೈಯಲ್ಲಿ ಒಂದು ಹಿಡಿ ರಾಡಿ ಇತ್ತು, ರಾಡಿಯಲ್ಲಿ ಏನೂ ಇರಲಿಲ್ಲ. ಉಸಿರು ತಿರುಗಿದ ಮೇಲೆ ಇನ್ನೊಂದು ಸಲ ಹೋಗುತ್ತೇನೆ ಎಂದ. ನಾನು ಹಗ್ಗವನ್ನು ಅಪ್ಪನ ಕೈಯಿಂದ ಕಸಿದು, ಸಾಕು, ಮಧ್ಯಾಹ್ನದ ಗಾಡಿಗೆ ಗುರುಗಳ ಹತ್ತಿರ ಹೋಗೋಣ ಎಂದೆ. ನನ್ನ ದನಿ ನನಗೇ ಹೊಸದೆನಿಸುವಷ್ಟು ಜೋರಾಗಿತ್ತು. ಅಪ್ಪ ಆಯಿಯ ಕಡೆ ನೋಡಿದ. ಆಯಿ, “ಆಯ್ತು, ಹುಡುಕಿದ್ವಿ” ಎಂದು ಎದ್ದು ನಿಂತಳು. ಇಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ನಾನು ಆಗ ವಿಚಾರ ಮಾಡಬೇಕಿತ್ತು.

ಗಾಡಿಯಲ್ಲಿ ಹುಡುಗ ಕಿಟಕಿಗೆ ಒರಗಿ ಕುಳಿತಿದ್ದ. ವಾಡಿಯಲ್ಲಿ ಗಾಡಿ ನಿಂತಾಗ ಅಪ್ಪ ಕೆಳಗಿಳಿದ, ಆಯಿ ಕಣ್ಣು ಮುಚ್ಚಿಕೊಂಡಿದ್ದಳು. ಹುಡುಗ ನನ್ನ ಕಿವಿಯ ಹತ್ತಿರ ಬಂದು, “ಗುರುಗಳ ಮುಂದ ಖರೇನ ಹೇಳ್ತೀನ್ರಿ. ಹೇಳಿ ತಗೋತೀನಿ” ಎಂದ. ಅವನ ಕಣ್ಣಲ್ಲಿ ಬೆಳಗಿನಿಂದ ಇಲ್ಲದ ಒಂದು ತಿಳಿ ಇತ್ತು. ನಾನು ಒಳ್ಳೆಯದೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಿನ್ನ ಮನಸ್ಸಿಗೆ ಬಂದಂಗ ಮಾಡು ಎಂದೆ. ಏನು ಹೇಳಬೇಕೆಂದು ತಿಳಿಯದವರು ಆಡುವ ಮಾತು ಅದು. ನಾಲವಾರದ ತನಕ ಉಳಿದ ದಾರಿಯಲ್ಲಿ ಅವನು ನಿಜ ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನಾಗಬಹುದು ಎಂದು ಎರಡೂ ಕಡೆಯ ಅನಾಹುತಗಳನ್ನು ತೂಗುತ್ತಾ ಕುಳಿತೆ. ಸರಿಸಮ ಬಂದವು.

ಅವರ ಮನೆತನದ ಗುರುಗಳು ವಯಸ್ಸಾದವರು, ಊರ ಹೊರಗಿನ ಸಣ್ಣ ಮನೆಯಲ್ಲಿದ್ದರು. ಅಪ್ಪ ಎತ್ತು ಬಿಚ್ಚಲು ಹೊರಗೆ ಉಳಿದ. ಹುಡುಗನಿಗೆ ಸ್ನಾನ ಮಾಡಿಸಿ, ಒದ್ದೆ ಪಂಚೆಯಲ್ಲೇ ಮಣೆಯ ಮೇಲೆ ಕೂರಿಸಿದರು. ತಾಮ್ರದ ತಂಬಿಗೆಯಲ್ಲಿ ನೀರು, ಬಿಲ್ವದೆಲೆ, ವಿಭೂತಿಯ ಗಟ್ಟಿ, ಬಿಳಿಯ ವಸ್ತ್ರದ ಮೇಲೆ ಹೊಸ ಲಿಂಗ. ಎಲ್ಲವನ್ನೂ ಹೊಂದಿಸಿಕೊಂಡ ಮೇಲೆ ಅವರು ಹುಡುಗನನ್ನು ಮೃದುವಾಗಿಯೇ ಕೇಳಿದರು.

“ಹ್ಯಾಂಗ ಹೋಯ್ತಪ್ಪಾ?”

ಹುಡುಗ ಬೆನ್ನು ನೆಟ್ಟಗೆ ಮಾಡಿದ. “ಅಯ್ಯನೋರ, ಅದು ನಾನು...”

“ನೀರಾಗ ಬಿತ್ರಿ ಅಯ್ಯನೋರ,” ಎಂದಳು ಆಯಿ ಹಿಂದಿನಿಂದ. ದನಿ ಏರಿರಲಿಲ್ಲ, ನಡುಗಿರಲಿಲ್ಲ. “ದಾರ ಕಡದು ನೀರಾಗ ಬಿತ್ತು. ಎರಡು ದಿನ ಹುಡುಕಿದ್ವಿ, ಸಿಗ್ಲಿಲ್ಲ.”

ಹುಡುಗ ಹೊರಳಿ ಅವಳನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಎರಡು ದಿನ ನೀರು ಕುಡಿಯದ ಅವಳ ತುಟಿಯೂ ಒಡೆದಿತ್ತು. ಅವನ ಬಾಯಿ ತೆರೆದೇ ಇತ್ತು, ಆಮೇಲೆ ಮುಚ್ಚಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಗುರುಗಳು ಮೂವರ ಮುಖವನ್ನೂ ಒಮ್ಮೆ ನೋಡಿ, ತಂಬಿಗೆ ಎತ್ತಿ ನೀರು ಹನಿಸಿದರು. ಹುಡುಗ ಎಡಗೈ ಮುಂದೆ ಚಾಚಿದ.

ಪೂಜೆ ಮುಗಿದ ಮೇಲೆ ಅಲ್ಲಿಯೇ ರೊಟ್ಟಿ, ಹಾಲು ಬಂತು. ಆಯಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಮೊದಲ ತುತ್ತನ್ನು ತಾನೇ ಅವನ ಬಾಯಿಗಿಟ್ಟಳು. ಅವನು ಸಣ್ಣ ಕೂಸಿನ ಹಾಗೆ ತಿಂದ, ಅಳುತ್ತಾ ತಿಂದ. ಆಮೇಲೆ ಅವಳು ತಿಂದಳು. ನನಗೂ ತಾಟು ಬಂದಿತ್ತು. ಎಲ್ಲರೂ ಉಂಡರಲ್ಲ, ಇನ್ನು ಚಿಂತೆ ಮಾಡುವುದಕ್ಕೆ ಏನಿದೆ ಎಂದು ಹುಡುಕುತ್ತಾ ಅಂಗಳಕ್ಕೆ ಬಂದೆ.

ಕೈ ತೊಳೆಯಲು ಬಂದ ಆಯಿ ನನ್ನ ಪಕ್ಕದಲ್ಲಿ ನಿಂತಳು.

“ನಿಂತ ನೀರಿಗಿ ಸೆಳವಿಲ್ಲ, ಮಾಸ್ತರ. ಅಷ್ಟು ನನಗೂ ತಿಳೀತದ.”

ನಾನು ತಡವರಿಸಿದೆ. ಅವನಿಗೆ ಹೇಳುವ ಮನಸ್ಸಿತ್ತು, ಹೇಳಲು ಬಿಡಬಹುದಿತ್ತು ಎಂಬರ್ಥದ ಏನೋ ಅಂದೆ.

“ಬಾಯಿ ಬಿಟ್ಟು ಅಂದ್ನಂದ್ರ ಅದು ಖರೇನ ಆಗೇ ಬಿಡ್ತದ. ಅನ್ನಲಿಲ್ಲಂದ್ರ ಹುಡುಗಾಟ, ಹೋಗ್ತದ.” ಸೆರಗಿನಿಂದ ಕೈ ಒರೆಸಿಕೊಂಡಳು. “ಅವನ್ನ ಸಾಲಿ ಬಿಡಿಸಬ್ಯಾಡಂತ ಅವರಪ್ಪಗ ಹೇಳ್ತೀನಿ. ನೀವು ಸ್ವಲ್ಪ ನೋಡಿಕೋರಿ.”

ಅವಳು ಹೇಳಿದ್ದು ತಪ್ಪೆಂದು ಅನ್ನಿಸಿದರೆ, ಅವಳ ತುಟಿ ಕಾಣುತ್ತಿತ್ತು. ಸರಿಯೆಂದು ಅನ್ನಿಸಿದರೆ, ಮಣೆಯ ಮೇಲೆ ಮುಚ್ಚಿದ ಆ ಬಾಯಿ ಕಾಣುತ್ತಿತ್ತು. ಇಂದಿಗೂ ಹಾಗೆಯೇ ಇದೆ.

ಅವನು ಬೋರ್ಡಿಂಗಿಗೆ ಮರಳಿದ. ಉರ್ದು ಪಾಠ, ಫುಟ್‌ಬಾಲು, ಎಲ್ಲವೂ ಮೊದಲಿನಂತೆ. ಖಣಿಗೆ ಮಾತ್ರ ಹೋಗಲಿಲ್ಲ. ನಾನು ಅವನನ್ನು ಏನೂ ಕೇಳಬಾರದೆಂದು ನಿಶ್ಚಯ ಮಾಡಿಕೊಂಡಿದ್ದೆ, ಕೇಳಲೂ ಇಲ್ಲ. ಆದರೆ ಕಣ್ಣಿಗೆ ನಿಶ್ಚಯವಿರುವುದಿಲ್ಲವಲ್ಲ. ಅವನು ಎದುರಿಗೆ ಬಂದಾಗಲೆಲ್ಲ ಅದು ಕೊರಳಿಗೆ ಹೋಗುತ್ತಿತ್ತು, ಅದು ಅವನಿಗೆ ತಿಳಿಯಿತು. ಒಂದು ಸಂಜೆ ಶಾಲೆಯಿಂದ ಬಂದವನು ನನ್ನ ಬಾಗಿಲಲ್ಲಿ ನಿಂತ. ಶೇರ್ವಾನಿಯ ಕೊರಳ ಗುಂಡಿ ಬಿಚ್ಚಿ, ಒಳಗಿನ ಶಿವದಾರವನ್ನು ಒಂದು ಬೆರಳಿನಿಂದ ಎತ್ತಿ ನನಗೆ ತೋರಿಸಿ, ಮತ್ತೆ ಗುಂಡಿ ಹಾಕಿಕೊಂಡು ಒಳಗೆ ಹೋದ. ಸಿಟ್ಟಿರಲಿಲ್ಲ, ಅಣಕವಿರಲಿಲ್ಲ. ಮರುದಿನವೂ ತೋರಿಸಿದ. ಮೂರನೆಯ ದಿನ ನಾನು ತಡೆದು, ಇದೆಲ್ಲ ಬೇಡಪ್ಪಾ, ನಾನೇನೂ ಕೇಳಿಲ್ಲ ಎಂದೆ.

“ಇರ್ಲಿ ಬಿಡ್ರಿ ಮಾಸ್ತರ,” ಎಂದ ಅವನು, ದೊಡ್ಡವರು ಸಣ್ಣವರನ್ನು ಸಮಾಧಾನ ಮಾಡುವ ದನಿಯಲ್ಲಿ. “ನೋಡಿದ್ರ ನಿಮಗ ನಿದ್ದಿ ಬರ್ತದ.”

ಗುಂಡಿ ಬಿಚ್ಚಿ ತೋರಿಸಿದ. ನಾನು ನೋಡಿದೆ.